ಟ್ಯಾಕಲ್ ಎಣಿಸಿದರೆ ಲೈನ್‌ಬ್ಯಾಕರ್ ಬೆಲೆ ಗೊತ್ತಾಗುತ್ತಾ?

ಪ್ರಶ್ನೆ: ನಾವು ಮೇರಿಲ್ಯಾಂಡ್‌ನಲ್ಲಿರುವ ಕನ್ನಡ ಕುಟುಂಬ. ಮಗನ ಜೊತೆ ಕೂತು ಬಾಲ್ಟಿಮೋರ್ ರೇವನ್ಸ್ ಆಟ ನೋಡಿ ನೋಡಿ ನನಗೂ ಅಮೆರಿಕನ್ ಫುಟ್‌ಬಾಲ್ ಹುಚ್ಚು ಹಿಡಿದಿದೆ. ಆ ತಂಡದ ಲೈನ್‌ಬ್ಯಾಕರ್ (ಡಿಫೆನ್ಸ್‌ನಲ್ಲಿ, ಅಂದರೆ ಎದುರಾಳಿಯನ್ನು ತಡೆಯುವ ಕಡೆ, ಮುಂದಿನ ಸಾಲಿನ ಹಿಂದೆ ನಿಲ್ಲುವ ಆಟಗಾರ) ರೋಕ್ವಾನ್ ಸ್ಮಿತ್ ಅವರಿಗೆ ಐದು ವರ್ಷಕ್ಕೆ 10 ಕೋಟಿ ಡಾಲರ್ ಕೊಟ್ಟಿದ್ದಾರೆ. ವರ್ಷಕ್ಕೆ 150ರ ಆಸುಪಾಸು ಟ್ಯಾಕಲ್ (ಚೆಂಡು ಹಿಡಿದವನನ್ನು ಕೆಡವುವುದು) ಮಾಡುತ್ತಾರಲ್ಲ, ಅಷ್ಟು ಕೊಡಲೇಬೇಕು ಅಂತಾನೆ ಮಗ. ಆ ಜಾಗದ ಆಟಗಾರನಿಗೆ ಅಷ್ಟು ದುಡ್ಡು ಜಾಸ್ತಿ ಅಂತಾರೆ ಆಫೀಸಿನ ಗೆಳೆಯರು. ಟಿ.ಜೆ. ವಾಟ್ ಕೂಡ ಲೈನ್‌ಬ್ಯಾಕರ್ ಅಲ್ವಾ, ಅವರಿಗೆ ಇದರ ಎರಡರಷ್ಟು ಹೇಗೆ? ಇದನ್ನೆಲ್ಲ ಅಳೆಯುವುದು ಹೇಗೆ?

ಉತ್ತರ: ಮೊದಲು ವಾಟ್ ವಿಷಯ ಮುಗಿಸಿಬಿಡೋಣ. ಅವರ ಹೆಸರಿನ ಪಕ್ಕ ಲೈನ್‌ಬ್ಯಾಕರ್ ಅಂತ ಬರೆದಿದ್ದರೂ ಕೆಲಸ ಬೇರೆ. ಅವರು ಸಾಲಿನ ತುದಿಯಲ್ಲಿ ನಿಂತು, ಆಟ ಶುರುವಾದ ಕೂಡಲೇ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವ ಎದುರಾಳಿ) ಮೇಲೆ ನುಗ್ಗುವವರು. ಈ ಜಾಗಕ್ಕೆ ಎಡ್ಜ್ ಅಂತಾರೆ. ಸ್ಮಿತ್ ನಿಲ್ಲುವುದು ಸಾಲಿನಿಂದ ನಾಲ್ಕೈದು ಗಜ ಹಿಂದೆ, ಮೈದಾನದ ನಡುವೆ. ಓಟವನ್ನೂ ತಡೆಯಬೇಕು, ಪಾಸನ್ನೂ ಕಾಯಬೇಕು, ಉಳಿದ ಹತ್ತು ಜನರಿಗೆ ಯಾರು ಎಲ್ಲಿ ನಿಲ್ಲಬೇಕು ಅಂತ ಕೂಗಿ ಹೇಳಬೇಕು. ಎರಡಕ್ಕೂ ಮಾರುಕಟ್ಟೆ ಬೇರೆ ಬೇರೆ. 2025ರ ಜುಲೈನಲ್ಲಿ ವಾಟ್ ಅವರಿಗೆ ಮೂರು ವರ್ಷಕ್ಕೆ 12.3 ಕೋಟಿ ಡಾಲರ್ ಸಿಕ್ಕಿತು. ಮುಂದಿನ ತಿಂಗಳೇ ಗ್ರೀನ್ ಬೇ ಪ್ಯಾಕರ್ಸ್ ತಂಡ ಮೈಕಾ ಪಾರ್ಸನ್ಸ್ ಅವರಿಗೆ ನಾಲ್ಕು ವರ್ಷಕ್ಕೆ 18.8 ಕೋಟಿ ಕೊಟ್ಟಿತು. ಅದು ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವವರ ದರ. ಅದನ್ನು ಸ್ಮಿತ್ ಪಕ್ಕದಲ್ಲಿಟ್ಟು ನೋಡಿದರೆ ಲೆಕ್ಕ ತಪ್ಪುತ್ತದೆ.

ಈಗ ನಿಮ್ಮ ಮಗನ ವಾದ. 150 ಟ್ಯಾಕಲ್ ದೊಡ್ಡ ಸಂಖ್ಯೆ ಹೌದು. ಆದರೆ ಟ್ಯಾಕಲ್ ಎಣಿಕೆ ಮಾತ್ರ ನೋಡಿ ಲೈನ್‌ಬ್ಯಾಕರ್ ಬೆಲೆ ಕಟ್ಟಬಾರದು. 2023ರಲ್ಲಿ ಸ್ಮಿತ್ ಮಾಡಿದ್ದು 158 ಟ್ಯಾಕಲ್. ಅದೇ ವರ್ಷ ಶಿಕಾಗೋ ಬೇರ್ಸ್ ತಂಡದ ಟಿ.ಜೆ. ಎಡ್ವರ್ಡ್ಸ್ ಮಾಡಿದ್ದು 155. ಎಡ್ವರ್ಡ್ಸ್ ಒಪ್ಪಂದ ವರ್ಷಕ್ಕೆ 65 ಲಕ್ಷ ಡಾಲರ್, ಸ್ಮಿತ್ ಅವರದ್ದು 2 ಕೋಟಿ. ಟ್ಯಾಕಲ್ ಮಾತ್ರ ಬೇಕಿದ್ದರೆ ರೇವನ್ಸ್ ತಂಡ ಮೂರನೇ ಒಂದು ಭಾಗದ ದುಡ್ಡಲ್ಲಿ ಕೆಲಸ ಮುಗಿಸಬಹುದಿತ್ತು.

ಟ್ಯಾಕಲ್ ಸಂಖ್ಯೆ ಏಕೆ ಮೋಸ ಮಾಡುತ್ತದೆ? ಡಿಫೆನ್ಸ್ ಸೋಲುತ್ತಿದ್ದಷ್ಟೂ ಎದುರಾಳಿಯ ಆಟಗಳು ಜಾಸ್ತಿ ಆಗುತ್ತವೆ. ಓಟ ಹೆಚ್ಚಾದಷ್ಟೂ ಮಧ್ಯದಲ್ಲಿ ನಿಂತವನಿಗೆ ಟ್ಯಾಕಲ್ ಸಿಗುತ್ತಲೇ ಇರುತ್ತವೆ. ಇಬ್ಬರು ಸೇರಿ ಹಿಡಿದಾಗ ಯಾರಿಗೆ ಎಷ್ಟು ಪಾಲು ಅನ್ನುವುದನ್ನು ಆಯಾ ಸ್ಟೇಡಿಯಂನ ಲೆಕ್ಕಿಗರು ತೀರ್ಮಾನಿಸುತ್ತಾರೆ, ಕೆಲವರದು ಧಾರಾಳ ಕೈ. ಎಲ್ಲಕ್ಕಿಂತ ಮುಖ್ಯ, ಸಾಲಿನ ಹತ್ತಿರವೇ ಹಿಡಿದ ಟ್ಯಾಕಲ್‌ಗೂ ಹನ್ನೆರಡು ಗಜ ಓಡಿಸಿಕೊಂಡು ಹೋಗಿ ಹಿಡಿದ ಟ್ಯಾಕಲ್‌ಗೂ ಪುಸ್ತಕದಲ್ಲಿ ಒಂದೇ ಬೆಲೆ. ಕಬಡ್ಡಿಯಲ್ಲಿ ರೇಡರ್‌ನನ್ನು ಹಿಡಿದವನ ಹೆಸರಿಗೆ ಅಂಕ ಬರುತ್ತದೆ. ಆ ರೇಡರ್‌ಗೆ ಬೋನಸ್ ಗೆರೆ ಕಡೆ ಹೋಗಲು ದಾರಿಯೇ ಬಿಡದೆ ಕವರ್‌ನಲ್ಲಿ ನಿಂತವನ ಹೆಸರು ಎಲ್ಲೂ ಬರುವುದಿಲ್ಲ. ಇಲ್ಲೂ ಹಾಗೆಯೇ.

ಒಂದು ಆಟವನ್ನೇ ಹತ್ತಿರದಿಂದ ನೋಡಿ. ಎರಡನೇ ಡೌನ್ (ಹತ್ತು ಗಜ ಮುಂದೆ ಹೋಗಲು ಸಿಗುವ ನಾಲ್ಕು ಅವಕಾಶಗಳಲ್ಲಿ ಎರಡನೆಯದು), ಇನ್ನು ನಾಲ್ಕು ಗಜ ಬೇಕು. ಓಟವೂ ಆಗಬಹುದು, ಪಾಸೂ ಆಗಬಹುದು. ಚೆಂಡು ಹಿಂದಕ್ಕೆ ಬಂದ ಕೂಡಲೇ ಲೈನ್‌ಬ್ಯಾಕರ್ ನೋಡುವುದು ಚೆಂಡನ್ನಲ್ಲ, ಎದುರಾಳಿಯ ಸಾಲಿನಲ್ಲಿ ದಾರಿ ಬಿಡಿಸಲು ನಿಂತ ಗಾರ್ಡ್‌ನ ಹೆಲ್ಮೆಟ್ಟನ್ನು. ಹೆಲ್ಮೆಟ್ ತಗ್ಗಿ ಮುಂದೆ ನುಗ್ಗಿದರೆ ಓಟ, ಮೇಲೆದ್ದು ಹಿಂದೆ ಸರಿದರೆ ಪಾಸ್. ಚಾಲಾಕಿ ತಂಡ ಏನು ಮಾಡುತ್ತದೆ? ಗಾರ್ಡ್ ತಗ್ಗಿ ಓಟದ ಹಾಗೆಯೇ ನಟಿಸುತ್ತಾನೆ. ಕ್ವಾರ್ಟರ್‌ಬ್ಯಾಕ್, ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ನ ಹೊಟ್ಟೆಗೆ ಚೆಂಡು ಒತ್ತಿದ ಹಾಗೆ ಮಾಡಿ ವಾಪಸ್ ಎಳೆದುಕೊಳ್ಳುತ್ತಾನೆ. ಲೈನ್‌ಬ್ಯಾಕರ್ ಎರಡು ಹೆಜ್ಜೆ ಮುಂದೆ ಬಂದರೆ ಸಾಕು, ಅವನ ಬೆನ್ನ ಹಿಂದೆ ಹದಿನೈದು ಗಜದ ಬಯಲು ತೆರೆದುಕೊಳ್ಳುತ್ತದೆ. ಪಾಸ್ ಅಲ್ಲಿಗೇ ಬೀಳುತ್ತದೆ. ಲೈನ್‌ಬ್ಯಾಕರ್ ತಿರುಗಿ ಓಡಿ ಹಿಂದಿನಿಂದ ಹಿಡಿಯುತ್ತಾನೆ. ಹದಿನೆಂಟು ಗಜ ಹೋಯಿತು, ಅವನ ಖಾತೆಗೆ ಒಂದು ಟ್ಯಾಕಲ್ ಬಂತು!

ಅದೇ ಆಟದಲ್ಲಿ ಒಳ್ಳೆಯ ಲೈನ್‌ಬ್ಯಾಕರ್ ಮೋಸ ಹೋಗುವುದಿಲ್ಲ. ಅರ್ಧ ಹೆಜ್ಜೆ ಇಟ್ಟು ನಿಲ್ಲುತ್ತಾನೆ, ಸೊಂಟ ತಿರುಗಿಸಿ ಹಿಂದಕ್ಕೆ ಜಾರುತ್ತಾನೆ. ಕ್ವಾರ್ಟರ್‌ಬ್ಯಾಕ್ ಕಣ್ಣೆತ್ತಿ ನೋಡಿದರೆ ಮಧ್ಯದ ದಾರಿ ಬಂದ್. ಬೇರೆ ದಾರಿ ಕಾಣದೆ ಚೆಂಡನ್ನು ಗೆರೆಯಾಚೆ ಎಸೆಯುತ್ತಾನೆ. ಈ ಆಟದಲ್ಲಿ ಲೈನ್‌ಬ್ಯಾಕರ್ ಹೆಸರಿಗೆ ಏನೂ ಬರುವುದಿಲ್ಲ. ಇವನಿಗೆ ತಂಡ ದುಡ್ಡು ಕೊಡುವುದು ಇದಕ್ಕೇ.

ಹಾಗಾಗಿ ನಾನು ನೋಡುವ ಕ್ರಮ ಹೀಗಿದೆ. ಟ್ಯಾಕಲ್ ಎಷ್ಟು ಅನ್ನುವುದಕ್ಕಿಂತ ಅದು ಎಲ್ಲಿ ಆಯಿತು ಅಂತ ನೋಡುತ್ತೇನೆ. ಮೊದಲ ಡೌನ್‌ನಲ್ಲಿ ಎದುರಾಳಿಗೆ ಬೇಕಾದ ಹತ್ತು ಗಜದಲ್ಲಿ ನಾಲ್ಕು ಸಿಗುವ ಮೊದಲೇ ಹಿಡಿದರೆ ಅದು ಡಿಫೆನ್ಸ್ ಗೆದ್ದ ಆಟ. ಏಳು ಗಜ ಆದ ಮೇಲೆ ಹಿಡಿದರೆ ಸೋತ ಆಟ. ಕೈಗೆ ಸಿಕ್ಕವರಲ್ಲಿ ಎಷ್ಟು ಜನ ಜಾರಿಹೋದರು, ಅದನ್ನೂ ನೋಡುತ್ತೇನೆ. 300 ಪೌಂಡ್ ಮೀರಿದ ಗಾರ್ಡ್ ಬಂದು ಅಪ್ಪಳಿಸಿದಾಗ ಅವನನ್ನು ಕಳಚಿಕೊಂಡು ಬರುತ್ತಾನೋ, ಅಲ್ಲೇ ಅಂಟಿಕೊಂಡು ನಿಲ್ಲುತ್ತಾನೋ? ಪಾಸ್ ಹಿಡಿಯಲು ಓಡುವ ದೊಡ್ಡ ಮೈಯ ಟೈಟ್ ಎಂಡ್ ಜೊತೆ ಒಬ್ಬನೇ ಓಡಬೇಕಾದಾಗ ಏನಾಗುತ್ತದೆ? ಟಿವಿಯಲ್ಲಿ ಇದು ಪೂರ್ತಿ ಕಾಣುವುದಿಲ್ಲ, ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತಿರುತ್ತದೆ. ಇಪ್ಪತ್ತೆರಡೂ ಆಟಗಾರರು ಒಟ್ಟಿಗೆ ಕಾಣುವ ಆಲ್-22 ಚಿತ್ರಿಕೆ ಇದೆಯಲ್ಲ, ಒಂದು ಕ್ವಾರ್ಟರ್ ಆದರೂ ಅದನ್ನು ಮಗನ ಜೊತೆ ಕೂತು ನೋಡಿ. ಚೆಂಡನ್ನು ಮರೆತು ಶೂನ್ಯ ನಂಬರ್ ಜೆರ್ಸಿಯನ್ನೇ ಹಿಂಬಾಲಿಸಿ.

ಹಸಿರು ಚುಕ್ಕೆಯನ್ನೂ ಮರೆಯಬೇಡಿ. 2008ರಿಂದ ಡಿಫೆನ್ಸ್‌ನಲ್ಲೂ ಒಬ್ಬನ ಹೆಲ್ಮೆಟ್‌ನಲ್ಲಿ ರೇಡಿಯೋ ಇರುತ್ತದೆ, ಗುರುತಿಗೆ ಹಿಂದೆ ಹಸಿರು ಚುಕ್ಕೆ. ಮುಂದಿನ ಆಟ ಶುರು ಮಾಡಲು ಕೊಡುವ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಆ ರೇಡಿಯೋ ಕಡಿತವಾಗುತ್ತದೆ. ಅಲ್ಲಿಂದ ಮುಂದೆ ಎದುರಾಳಿ ಜಾಗ ಬದಲಿಸಿದರೆ ಕೋಚ್ ಏನೂ ಹೇಳುವಂತಿಲ್ಲ, ಆ ಚುಕ್ಕೆಯವನೇ ಹೇಳಬೇಕು. ರೇವನ್ಸ್‌ನಲ್ಲಿ ಆ ಕೆಲಸ ಸ್ಮಿತ್ ಅವರದ್ದು.

ಆಟಗಾರರನ್ನು ಅಳೆಯುವ ಪ್ರೋ ಫುಟ್‌ಬಾಲ್ ಫೋಕಸ್ ಸಂಸ್ಥೆಯವರು ಕೊಡುವ ಗ್ರೇಡ್ ನೀವು ನೋಡಿರುತ್ತೀರಿ. ಪ್ರತಿ ಆಟಕ್ಕೂ ಮೈನಸ್ 2ರಿಂದ ಪ್ಲಸ್ 2ರವರೆಗೆ ಅಂಕ ಹಾಕಿ, ಕೊನೆಗೆ ನೂರಕ್ಕೆ ಇಷ್ಟು ಅಂತ ಹೇಳುತ್ತಾರೆ. ಉಪಯೋಗಕ್ಕೆ ಬರುತ್ತದೆ. ಆದರೆ ಆ ಆಟದಲ್ಲಿ ಕೋಚ್ ಅವನಿಗೆ ಏನು ಹೇಳಿದ್ದರು ಅನ್ನುವುದು ಗ್ರೇಡ್ ಹಾಕುವವರಿಗೆ ತಿಳಿದಿರುವುದಿಲ್ಲ. ಲೈನ್‌ಬ್ಯಾಕರ್ ವಿಷಯದಲ್ಲಿ ಈ ಕೊರತೆ ಬೇರೆ ಜಾಗಗಳಿಗಿಂತ ಜಾಸ್ತಿ ಕಾಡುತ್ತದೆ.

ಸ್ಮಿತ್ ವಿಷಯದಲ್ಲಿ ನಮಗೊಂದು ಅಪರೂಪದ ಅನುಕೂಲ ಇದೆ. ಒಂದೇ ಸೀಸನ್‌ನ ಮಧ್ಯದಲ್ಲಿ ಅವರು ತಂಡ ಬದಲಿಸಿದರು. 2018ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವ್ಯವಸ್ಥೆ) ಎಂಟನೇ ಆಯ್ಕೆಯಾಗಿ ಶಿಕಾಗೋ ಸೇರಿದ್ದವರು, 2022ರ ಆಗಸ್ಟ್‌ನಲ್ಲಿ ಹೊಸ ಒಪ್ಪಂದ ಕುದುರದೆ, ನನ್ನನ್ನು ಬೇರೆ ತಂಡಕ್ಕೆ ಕೊಡಿ ಅಂತ ಬಹಿರಂಗವಾಗಿಯೇ ಕೇಳಿದರು. ಅಕ್ಟೋಬರ್ 31ಕ್ಕೆ ರೇವನ್ಸ್ ಅವರನ್ನು ತಗೊಂಡಿತು. ಬದಲಿಗೆ 2023ರ ಡ್ರಾಫ್ಟ್‌ನ ಎರಡನೇ ಸುತ್ತಿನ ಮತ್ತು ಐದನೇ ಸುತ್ತಿನ ಆಯ್ಕೆ, ಜೊತೆಗೆ ಲೈನ್‌ಬ್ಯಾಕರ್ ಎ.ಜೆ. ಕ್ಲೈನ್ ಅವರನ್ನು ಕೊಟ್ಟಿತು. ಆಗ ಎರಡೂ ತಂಡಗಳು ಎಂಟೆಂಟು ಪಂದ್ಯ ಆಡಿ ಮುಗಿಸಿದ್ದವು, ಒಂಬತ್ತೊಂಬತ್ತು ಉಳಿದಿದ್ದವು.

ಸ್ಕೋರುಗಳನ್ನು ಕೂಡಿಸಿ ನೋಡಿ. ಸ್ಮಿತ್ ಬರುವ ಮೊದಲು ರೇವನ್ಸ್ ಎಂಟು ಪಂದ್ಯದಲ್ಲಿ ಬಿಟ್ಟುಕೊಟ್ಟದ್ದು 183 ಅಂಕ, ಪಂದ್ಯಕ್ಕೆ ಸುಮಾರು 22.9. ಬಂದ ಮೇಲೆ ಒಂಬತ್ತು ಪಂದ್ಯದಲ್ಲಿ 132, ಪಂದ್ಯಕ್ಕೆ 14.7. ಆ ಕಡೆ ಬೇರ್ಸ್ ಕಥೆ ಉಲ್ಟಾ. ಸ್ಮಿತ್ ಇದ್ದ ಎಂಟು ಪಂದ್ಯದಲ್ಲಿ 181, ಅಂದರೆ 22.6. ಹೋದ ಮೇಲೆ ಒಂಬತ್ತರಲ್ಲಿ 282, ಪಂದ್ಯಕ್ಕೆ 31.3. ಒಂದು ಕಡೆ ಎಂಟು ಅಂಕ ಇಳಿಯಿತು, ಇನ್ನೊಂದು ಕಡೆ ಹೆಚ್ಚುಕಮ್ಮಿ ಒಂಬತ್ತು ಏರಿತು.

ಇದನ್ನು ಮಗನಿಗೆ ತೋರಿಸಿದರೆ ಕುಣಿದಾಡುತ್ತಾನೆ. ಆದರೆ ಪೂರ್ತಿ ಶ್ರೇಯಸ್ಸನ್ನು ಸ್ಮಿತ್ ಅವರಿಗೇ ಕೊಡಬೇಡಿ. ರೇವನ್ಸ್‌ನ ಮೊದಲ ಎಂಟು ಪಂದ್ಯಗಳಲ್ಲಿ ಎದುರಿಗಿದ್ದವರು ಯಾರು? ಜಾಶ್ ಆಲನ್, ಜೋ ಬರೋ, ಟಾಮ್ ಬ್ರೇಡಿಯಂಥ ಹೆಸರಾಂತ ಕ್ವಾರ್ಟರ್‌ಬ್ಯಾಕ್‌ಗಳು, ಜೊತೆಗೆ ಒಂದೇ ಪಂದ್ಯದಲ್ಲಿ 42 ಅಂಕ ಬಾಚಿದ ಮಯಾಮಿ. ಆಮೇಲಿನ ಪಂದ್ಯಗಳಲ್ಲಿ ಕ್ಯಾರೊಲೈನಾ, ಡೆನ್ವರ್, ಅಟ್ಲಾಂಟಾದಂಥ ಬಡಕಲು ಅಫೆನ್ಸ್‌ಗಳೇ ಜಾಸ್ತಿ. ಶಿಕಾಗೋ ಕೂಡ ಸ್ಮಿತ್ ಒಬ್ಬರನ್ನೇ ಕಳೆದುಕೊಂಡಿದ್ದಲ್ಲ. ಕೆಲವೇ ದಿನ ಮೊದಲು ಎಡ್ಜ್ ಆಟಗಾರ ರಾಬರ್ಟ್ ಕ್ವಿನ್ ಅವರನ್ನೂ ಕೊಟ್ಟಿತ್ತು. ಇನ್ನೊಂದು ವಿಷಯ. ಬೇರ್ಸ್ ಜೊತೆ ಸ್ಮಿತ್ ಆಡಿದ ಕೊನೆಯ ಪಂದ್ಯದಲ್ಲಿ ಡಾಲಸ್ 49 ಅಂಕ ಗಳಿಸಿತು. ಅದರಲ್ಲಿ ಒಂದು ಟಚ್‌ಡೌನ್ (ಚೆಂಡನ್ನು ಕೊನೆಯ ಗೆರೆ ದಾಟಿಸಿ ಗಳಿಸುವ ಅಂಕ) ಡಾಲಸ್ ಡಿಫೆನ್ಸ್‌ನದ್ದು, ಕೆಳಗೆ ಬಿದ್ದ ಚೆಂಡೆತ್ತಿಕೊಂಡು ಓಡಿದವರು ಆಗ ಡಾಲಸ್‌ನಲ್ಲಿದ್ದ ಪಾರ್ಸನ್ಸ್. ಅದನ್ನು ಬೇರ್ಸ್ ಲೈನ್‌ಬ್ಯಾಕರ್ ತಲೆಗೆ ಕಟ್ಟುವುದು ಅನ್ಯಾಯ. ಅಂಕಗಳ ಲೆಕ್ಕದಲ್ಲಿ ಇಂಥ ಕಸರು ಬೇಕಾದಷ್ಟಿರುತ್ತದೆ.

ಇಷ್ಟೆಲ್ಲ ಕಳೆದರೂ ಏನೋ ಉಳಿಯುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಮಯಾಮಿ ಪಂದ್ಯವನ್ನು ಪೂರ್ತಿ ಪಕ್ಕಕ್ಕಿಟ್ಟರೂ ರೇವನ್ಸ್‌ನ ಮೊದಲಿನ ಸರಾಸರಿ 20ರ ಮೇಲಿದೆ. ಜೊತೆಗೆ ಪಕ್ಕದಲ್ಲಿ ಆಡುತ್ತಿದ್ದ ಪ್ಯಾಟ್ರಿಕ್ ಕ್ವೀನ್ ಕಣ್ಣಿಗೆ ಕಾಣುವಷ್ಟು ಸುಧಾರಿಸಿದರು. ಮಧ್ಯದ ಜವಾಬ್ದಾರಿ ಸ್ಮಿತ್ ಹೆಗಲಿಗೆ ಹೋದ ಮೇಲೆ ಕ್ವೀನ್ ತಮ್ಮ ವೇಗವನ್ನು ಬಳಸಿ ಮುಂದೆ ನುಗ್ಗಿ ಆಡಿದರು. 2023ರಲ್ಲಿ ಡಿಫೆನ್ಸ್ ಕೋಚ್ ಮೈಕ್ ಮ್ಯಾಕ್‌ಡೊನಾಲ್ಡ್ ಕೈಕೆಳಗೆ ಆ ಡಿಫೆನ್ಸ್ ಅತಿ ಕಡಿಮೆ ಅಂಕ ಬಿಟ್ಟುಕೊಟ್ಟಿತು, ಅತಿ ಹೆಚ್ಚು ಸ್ಯಾಕ್ (ಪಾಸ್ ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಮಾಡಿತು, ಅತಿ ಹೆಚ್ಚು ಚೆಂಡು ಕಸಿಯಿತು. ಒಂದೇ ಸೀಸನ್‌ನಲ್ಲಿ ಈ ಮೂರರಲ್ಲೂ ಮೊದಲು ಬಂದ ತಂಡ ಅದಕ್ಕೆ ಮುಂಚೆ ಇರಲಿಲ್ಲ. 2022 ಮತ್ತು 2023 ಎರಡೂ ವರ್ಷ ಸ್ಮಿತ್ ಆಲ್-ಪ್ರೋ (ಲೀಗ್‌ನ ಆ ವರ್ಷದ ಅತ್ಯುತ್ತಮರ ಪಟ್ಟಿ) ಮೊದಲ ತಂಡದಲ್ಲಿದ್ದರು.

ಇನ್ನು ದುಡ್ಡು. ಇಲ್ಲಿ ನಿಮ್ಮ ಆಫೀಸಿನ ಗೆಳೆಯರ ವಾದ ಸ್ವಲ್ಪ ಎಡವುತ್ತದೆ. 10 ಕೋಟಿ ಅಂತ ಕೇಳಿದ ಕೂಡಲೇ ತಲೆ ತಿರುಗುತ್ತದೆ ನಿಜ. ಆದರೆ ಈ ತಂಡಗಳೆಲ್ಲ ಆಡುವ ಲೀಗ್ ಎನ್‌ಎಫ್‌ಎಲ್‌ನಲ್ಲಿ ಪ್ರತಿ ತಂಡಕ್ಕೂ ಸ್ಯಾಲರಿ ಕ್ಯಾಪ್ ಇದೆ, ಆಟಗಾರರ ಮೇಲೆ ಆ ವರ್ಷ ಅಷ್ಟೇ ಖರ್ಚು ತೋರಿಸಬಹುದು. ಒಬ್ಬನಿಗೆ ಕೊಟ್ಟದ್ದು ಇನ್ನೊಬ್ಬನಿಗೆ ಇಲ್ಲ. ಆದ್ದರಿಂದ ನೋಡಬೇಕಾದದ್ದು ಕ್ಯಾಪ್‌ನಲ್ಲಿ ಎಷ್ಟು ಪಾಲು ಅನ್ನುವುದನ್ನು.

2019ರಲ್ಲಿ ರೇವನ್ಸ್‌ನ ಸಿ.ಜೆ. ಮೋಸ್ಲಿ ಅವರನ್ನು ನ್ಯೂಯಾರ್ಕ್ ಜೆಟ್ಸ್ ಐದು ವರ್ಷಕ್ಕೆ 8.5 ಕೋಟಿ ಕೊಟ್ಟು ಎಳೆದುಕೊಂಡಿತು. ವರ್ಷಕ್ಕೆ 1.7 ಕೋಟಿ. ಆ ವರ್ಷದ ಕ್ಯಾಪ್ 18.82 ಕೋಟಿ, ಅಂದರೆ ಶೇ 9. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫ್ರೆಡ್ ವಾರ್ನರ್ ವರ್ಷಕ್ಕೆ 1.9 ಕೋಟಿ ದಾಟಿದರು. ಕೋವಿಡ್‌ನಿಂದ ಕ್ಯಾಪ್ 18.25 ಕೋಟಿಗೆ ಇಳಿದಿತ್ತು, ಹಾಗಾಗಿ ಪಾಲು ಶೇ 10.4. ಅದೇ ಆಗಸ್ಟ್‌ನಲ್ಲಿ ಇಂಡಿಯಾನಾಪೊಲಿಸ್‌ನ ಶಕೀಲ್ ಲೆನರ್ಡ್ ಶೇ 10.8 ಮುಟ್ಟಿದರು. 2023ರ ಜನವರಿಯಲ್ಲಿ ಸ್ಮಿತ್ ಸಹಿ ಹಾಕಿದ್ದು ವರ್ಷಕ್ಕೆ 2 ಕೋಟಿಗೆ. ಕ್ಯಾಪ್ 22.48 ಕೋಟಿ, ಪಾಲು ಶೇ 8.9. 2025ರ ಮೇ ತಿಂಗಳಲ್ಲಿ ವಾರ್ನರ್ ಮತ್ತೆ ಸಹಿ ಹಾಕಿದರು, ವರ್ಷಕ್ಕೆ 2.1 ಕೋಟಿ. ಆಗ ಕ್ಯಾಪ್ 27.92 ಕೋಟಿಗೆ ಏರಿತ್ತು, ಪಾಲು ಶೇ 7.5 ಮಾತ್ರ.

ಡಾಲರ್ ಏರುತ್ತಿದೆ, ಪಾಲು ಇಳಿಯುತ್ತಿದೆ. ಎಡ್ಜ್ ಕಡೆ ನೋಡಿ, 2018ರಲ್ಲಿ ಖಲೀಲ್ ಮ್ಯಾಕ್ ಪಾಲು ಶೇ 13ರ ಸುತ್ತ ಇತ್ತು, 2025ರಲ್ಲಿ ಪಾರ್ಸನ್ಸ್ ಪಾಲು ಸುಮಾರು 17. ಲೀಗ್ ಏನು ಹೇಳುತ್ತಿದೆ ಅನ್ನುವುದು ಇದರಲ್ಲೇ ಇದೆ. ಪಾಸ್ ಆಟ ಹೆಚ್ಚಾದ ಹಾಗೆ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವನಿಗೆ ಬೆಲೆ ಏರಿತು. ಹಿಂದೆ ನಿಂತು ಪಾಸ್ ಕಾಯುವ ಐದು ಡಿಫೆನ್ಸಿವ್ ಬ್ಯಾಕ್‌ಗಳನ್ನು ಇಳಿಸುವುದು ರೂಢಿಯಾಗಿ, ಮೂವರು ಲೈನ್‌ಬ್ಯಾಕರ್ ಇರುತ್ತಿದ್ದ ಕಡೆ ಈಗ ಬಹುಪಾಲು ಇಬ್ಬರೇ. ಒಬ್ಬ ಅತ್ಯುತ್ತಮನಿಗೂ ಒಬ್ಬ ಪರವಾಗಿಲ್ಲ ಅನ್ನುವವನಿಗೂ ಇರುವ ಅಂತರಕ್ಕೆ ತಂಡಗಳು ಮೊದಲಿನಷ್ಟು ಕೊಡಲು ತಯಾರಿಲ್ಲ.

ಒಪ್ಪಂದದ ತಲೆಬರಹದ ಮೊತ್ತವನ್ನು ನಂಬಬೇಡಿ, ಗ್ಯಾರಂಟಿ ಎಷ್ಟು ಅಂತ ಕೇಳಿ. ಸ್ಮಿತ್ ಅವರ 10 ಕೋಟಿಯಲ್ಲಿ ಸಹಿ ಹಾಕಿದ ದಿನವೇ ಪೂರ್ತಿ ಖಾತ್ರಿಯಾದದ್ದು 4.5 ಕೋಟಿ. ಉಳಿದದ್ದು ತಂಡ ಅವರನ್ನು ಇಟ್ಟುಕೊಂಡರೆ ಮಾತ್ರ. ಲೆನರ್ಡ್ ಅವರದ್ದು ನೆನಪಿಸಿಕೊಂಡರೆ ಬೇಜಾರಾಗುತ್ತದೆ. 9.85 ಕೋಟಿಯ ಒಪ್ಪಂದ, ಆಮೇಲೆ ಬೆನ್ನಿನ ಶಸ್ತ್ರಚಿಕಿತ್ಸೆ, 2022ರಲ್ಲಿ ಆಡಿದ್ದು ಮೂರೇ ಪಂದ್ಯ. 2023ರ ನವೆಂಬರ್‌ನಲ್ಲಿ ತಂಡ ಕೈಬಿಟ್ಟಿತು. ಒಳ್ಳೆಯ ಕಾಲದಲ್ಲಿ ಅವರಷ್ಟು ಚೆಂಡು ಕಸಿಯುವ ಲೈನ್‌ಬ್ಯಾಕರ್ ಇನ್ನೊಬ್ಬರಿರಲಿಲ್ಲ. ತಂಡದ ಕಡೆಯಿಂದಲೂ ಅಪಾಯ ಇದೆ. ಸಹಿ ಬೋನಸ್ ಅನ್ನು ಒಮ್ಮೆಲೇ ಕೊಟ್ಟರೂ ಕ್ಯಾಪ್ ಲೆಕ್ಕದಲ್ಲಿ ಐದು ವರ್ಷದವರೆಗೆ ಹಂಚಬಹುದು. ಉದಾಹರಣೆಗೆ 2 ಕೋಟಿ ಬೋನಸ್ ಅಂದರೆ ವರ್ಷಕ್ಕೆ 40 ಲಕ್ಷ. ಎರಡು ವರ್ಷಕ್ಕೆ ಆಟಗಾರನನ್ನು ಬಿಟ್ಟರೆ ಉಳಿದ 1.2 ಕೋಟಿ ಅವನಿಲ್ಲದಿದ್ದರೂ ತಂಡದ ಲೆಕ್ಕಕ್ಕೇ ಬೀಳುತ್ತದೆ.

ಸ್ಮಿತ್ ಚೌಕಾಸಿಯಲ್ಲಿ ಅವರ ಕೈ ಮೇಲಾಗಲು ಒಂದು ನಿಯಮವೂ ಸಹಾಯ ಮಾಡಿತು. ಒಪ್ಪಂದ ಮುಗಿದವನನ್ನು ಒಂದು ವರ್ಷ ಹಿಡಿದಿಡಲು ತಂಡ ಫ್ರಾಂಚೈಸ್ ಟ್ಯಾಗ್ ಹಾಕಬಹುದು. ಆ ದರ ಲೆಕ್ಕ ಹಾಕುವಾಗ ಎಡ್ಜ್ ಆಡುವ ಲೈನ್‌ಬ್ಯಾಕರ್‌ಗಳನ್ನೂ ಮಧ್ಯದವರನ್ನೂ ಒಂದೇ ಗುಂಪಿಗೆ ಹಾಕುತ್ತಾರೆ. 2023ಕ್ಕೆ ಆ ದರ ಸುಮಾರು 2.09 ಕೋಟಿ ಇತ್ತು. ಒಂದೇ ವರ್ಷಕ್ಕೆ ಅಷ್ಟು ಕೊಡುವ ಬದಲು ವರ್ಷಕ್ಕೆ 2 ಕೋಟಿಯಂತೆ ಐದು ವರ್ಷಕ್ಕೆ ಕಟ್ಟಿಹಾಕುವುದೇ ರೇವನ್ಸ್‌ಗೆ ವಾಸಿ. ಈ ಮಾತುಕತೆಯನ್ನು ಸ್ಮಿತ್ ಏಜೆಂಟ್ ಇಲ್ಲದೆ ತಾವೇ ನಡೆಸಿದರು ಅನ್ನುವುದು ನನಗೆ ತುಂಬಾ ಮೆಚ್ಚುಗೆಯಾದ ವಿಷಯ. ಏಜೆಂಟ್ ಹೆಚ್ಚೆಂದರೆ ಶೇ 3 ತಗೊಳ್ಳಬಹುದು, ಇಲ್ಲಿ ಅದೇ 30 ಲಕ್ಷ ಡಾಲರ್.

ಗೆಳೆಯರ ವಾದದಲ್ಲಿ ನಿಜವಾದ ಬಲ ಇರುವುದು ಬೇರೆ ಕಡೆ. ಅದು ಜ್ಯಾಕ್ ಬಾನ್. ನ್ಯೂ ಆರ್ಲಿಯನ್ಸ್‌ನಲ್ಲಿ ನಾಲ್ಕು ವರ್ಷ ಹೆಚ್ಚಾಗಿ ಕಿಕ್ ಆಟಗಳಿಗೆ ಇಳಿಯುವ ಸ್ಪೆಷಲ್ ಟೀಮ್ಸ್‌ನಲ್ಲಿ, ಆಗಾಗ ತುದಿಯಲ್ಲಿ ಆಡಿಕೊಂಡಿದ್ದವರು. 2024ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಒಂದು ವರ್ಷಕ್ಕೆ 35 ಲಕ್ಷ ಕೊಟ್ಟು ಕರೆತಂದಿತು. ಅಲ್ಲಿನ ಡಿಫೆನ್ಸ್ ಕೋಚ್ ಆಗಿದ್ದ ವಿಕ್ ಫ್ಯಾಂಜಿಯೋ, ಬಾನ್ ಅವರನ್ನು ಮಧ್ಯಕ್ಕೆ ನಿಲ್ಲಿಸಿದರು. ಅದೇ ವರ್ಷ ಆಲ್-ಪ್ರೋ! ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಎದುರಾಳಿ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಎಸೆದ ಪಾಸನ್ನು ನೆಲಕ್ಕೆ ಧುಮುಕಿ ಹಿಡಿದರು, ಅದರ ಬೆನ್ನಿಗೇ ಟಚ್‌ಡೌನ್ ಬಂದು ಸ್ಕೋರ್ 24-0 ಆಯಿತು. ಆ ಪಂದ್ಯದಲ್ಲಿ ಈಗಲ್ಸ್ ಒಮ್ಮೆಯೂ ಬ್ಲಿಟ್ಜ್ ಮಾಡಲಿಲ್ಲ, ಅಂದರೆ ಹಿಂದಿನವರನ್ನೂ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿಸಲಿಲ್ಲ. ಮುಂದಿನ ನಾಲ್ವರೇ ಮಹೋಮ್ಸ್ ಅವರನ್ನು ಆರು ಸಲ ಕೆಡವಿದರು. ಹಿಂದೆ ಏಳು ಜನ ಆರಾಮವಾಗಿ ಕಾಯಬಹುದಿತ್ತು. ಬಾನ್ ಪ್ರತಿಭೆ ಸುಳ್ಳಲ್ಲ, ಮರುವರ್ಷ ಮೂರು ವರ್ಷಕ್ಕೆ 5.1 ಕೋಟಿ ಸಿಕ್ಕಿದ್ದೂ ಸರಿಯೇ. ಆದರೆ ಮುಂದೆ ನಿಂತವರು ಗಟ್ಟಿಯಿದ್ದರೆ 35 ಲಕ್ಷಕ್ಕೂ ಆಲ್-ಪ್ರೋ ಸಿಗಬಹುದು ಅಂತ ಎಲ್ಲ ತಂಡಗಳೂ ಕಣ್ಣಾರೆ ನೋಡಿದವು.

ಸ್ಮಿತ್ ಸುತ್ತಲೂ ಆದದ್ದು ಇದರ ಉಲ್ಟಾ. 2024ಕ್ಕೆ ಮ್ಯಾಕ್‌ಡೊನಾಲ್ಡ್ ಸಿಯಾಟಲ್‌ಗೆ ಹೋದರು, ಕ್ವೀನ್ ಪಿಟ್ಸ್‌ಬರ್ಗ್‌ಗೆ. ಆ ವರ್ಷ ರೇವನ್ಸ್ ಓಟ ತಡೆಯುವುದರಲ್ಲಿ ಲೀಗ್‌ಗೇ ಮೊದಲು, ಪಾಸ್ ಗಜ ಬಿಟ್ಟುಕೊಡುವುದರಲ್ಲಿ ಕೆಳಗಿನ ಸಾಲು. ಮಧ್ಯದ ಪಾಸ್‌ಗಳಲ್ಲಿ ಸ್ಮಿತ್ ಕೂಡ ತಡವಾಗಿ ತಲುಪಿದ್ದನ್ನು ಸೀಸನ್ ಶುರುವಿನಲ್ಲಿ ನೀವೇ ನೋಡಿರುತ್ತೀರಿ. ಆಟಗಾರ ಅವರೇ, ಸುತ್ತಲಿನವರು ಬದಲಾದರು.

ಒಟ್ಟಿನಲ್ಲಿ ನನ್ನ ತೀರ್ಮಾನ ಕೇಳಿದರೆ, 2023ರ ಜನವರಿಯಲ್ಲಿ ಆ ಸಹಿ ಸರಿ ಇತ್ತು. 25 ವರ್ಷದ ಆಟಗಾರ, ಹಸಿರು ಚುಕ್ಕೆ ಹೊರಬಲ್ಲವನು, ಕ್ಯಾಪ್‌ನ ಶೇ 9ರ ಒಳಗೆ. ಮೊದಲ ಎರಡು ಸೀಸನ್‌ನಲ್ಲೇ ಆ ದುಡ್ಡಿಗೆ ತಕ್ಕ ಆಟ ಬಂದಿದೆ ಅಂತ ನಾನು ಹೇಳುತ್ತೇನೆ. ಕೊನೆಯ ಎರಡು ವರ್ಷಗಳ ವಿಷಯ ಬೇರೆ, 2026 ಮತ್ತು 2027ಕ್ಕೆ ಅವರಿಗೆ 29, 30 ವಯಸ್ಸು. ಈ ಜಾಗದಲ್ಲಿ ಮೊದಲು ಕುಗ್ಗುವುದು ಹಿಂದಕ್ಕೆ ತಿರುಗಿ ಓಡುವ ಶಕ್ತಿ. ಟ್ಯಾಕಲ್ ಸಂಖ್ಯೆ ಆಗಲೂ 150ರ ಸುತ್ತಲೇ ಇರಬಹುದು, ಅದನ್ನು ನೋಡಿ ಸಮಾಧಾನ ಪಡಬೇಡಿ. ಮೂರನೇ ಡೌನ್‌ನಲ್ಲಿ ಟೈಟ್ ಎಂಡ್ ಬೆನ್ನಿಗೆ ಅವರು ಎಷ್ಟು ಹತ್ತಿರ ಇದ್ದಾರೆ ಅಂತ ಮಗನಿಗೆ ಗಮನಿಸಲು ಹೇಳಿ. ಮೊದಲು ಒಂದು ತೋಳಿನ ದೂರವಿದ್ದದ್ದು ಎರಡು ಗಜ ಆಗಿದ್ದರೆ, ರೇವನ್ಸ್ ಸಂಬಳ ಇಳಿಸುವ ಮಾತು ಎತ್ತುವುದು ನ್ಯಾಯ. ಹಾಗಾಗಿಲ್ಲದಿದ್ದರೆ 2 ಕೋಟಿ ಕೊಡಲು ನಾನಾದರೂ ಹಿಂದೆಮುಂದೆ ನೋಡುವುದಿಲ್ಲ.